ಮೂರನೇ ತಾರೀಖಿನ ಮುದ್ರೆ

ಮುದ್ರೆ ಅಸಲಿಯೇ ಆಗಿತ್ತು. ನನ್ನ ತಲೆ ಕೆಟ್ಟಿದ್ದೇ ಅಲ್ಲಿ.

ಕಿಟಕಿಯ ಬೆಳಕಿಗೆ ಗ್ರಂಥಾಲಯದ ಚೀಟಿ ಹಿಡಿದೆ. ಅದರ ಪಕ್ಕಕ್ಕೆ, ಐದು ನಿಮಿಷದ ಹಿಂದೆ ಖಾಲಿ ಹಾಳೆಯ ಮೇಲೆ ನಾನೇ ಒತ್ತಿದ್ದ ಗುರುತು. ಎರಡರಲ್ಲೂ ವೃತ್ತದ ಎಡಗಡೆ ಇಲಿ ಕಚ್ಚಿದ ಹಾಗೆ ಒಂದು ಚೂರು ರಬ್ಬರ್ ಇಲ್ಲ. ಎರಡರಲ್ಲೂ ಶಾಯಿ ನೇರಳೆ. ಕಳ್ಳ ಮುದ್ರೆ ಮಾಡಿಸುವವನು ಇಲಿ ಕಚ್ಚಿದ ಗುರುತನ್ನೂ ಸೇರಿಸಿ ಮಾಡಿಸುತ್ತಾನೆ ಎಂದರೆ ನಾನು ನಂಬುವವನಲ್ಲ. ಮೂವತ್ತೆಂಟು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವನು ನಾನು. ಮುದ್ರೆ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಇವತ್ತಿಗೂ ಸೊಟ್ಟ.

"ಏನಾದ್ರೂ ಸಿಕ್ತಾ ಕೃಷ್ಣಪ್ಪನವ್ರೆ?" ಫಾದರ್ ಇನ್ನಾಸ್ ಕನ್ನಡಕದ ಮೇಲಿಂದ ಕೇಳಿದರು. ಸಂತ ಬರ್ತಲೋಮಿಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರೇ ಮುಖ್ಯಸ್ಥರು. ತೆಳ್ಳಗೆ, ಎತ್ತರಕ್ಕೆ, ಸಿಲ್ವರ್ ಓಕ್ ಮರದ ಹಾಗಿದ್ದಾರೆ.

"ಸಿಕ್ತು ಫಾದರ್. ಬೇಡದ್ದು ಸಿಕ್ತು. ಮುದ್ರೆ ನಿಮ್ದೇಯ."

"ಹಾಗಾದ್ರೆ ಆ ಹುಡುಗಿ?"

"ನಾಳೆ ಬೆಳಿಗ್ಗೆ ಹತ್ತು ಗಂಟೆ ತನ್ಕ ಟೈಮದೆ ಅಲ್ವ. ನನ್ನ ಒಸಿ ಬುಡಿ."

ಮೂರು ದಿನದಿಂದ ನಾನು ಕೊಡ್ಲಿಪೇಟೆಯ ಮನೆ ಬಿಟ್ಟು ಈ ಗುಡ್ಡದ ಮೇಲೆ ಕೂತಿರುವುದು ಶೋಭಿತಾ ಎಂಬ ಹುಡುಗಿಗಾಗಿ. ಶ್ರೀಮಂಗಲದ ಕಡೆಯ ಒಂದು ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದವಳು. ನೂರು ವರ್ಷದ ಹಿಂದೆ ಪೌಲಪ್ಪ ಮೇಷ್ಟ್ರು ಎನ್ನುವವರು ಲೈನ್ ಮಕ್ಕಳಿಗೆ ಪಾಠ ಹೇಳುತ್ತಾ, ಅಲ್ಲಿಯ ಹೆಂಗಸರ ಹಾಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರಂತೆ. ಅದರ ಮೇಲೆ ಶೋಭಿತಾ ಪ್ರಬಂಧ ಬರೆದಳು. ಗ್ರಂಥಾಲಯದ ವರ್ಷದ ಸಂಶೋಧನಾ ಪ್ರಶಸ್ತಿ ಅವಳಿಗೆ ಬಂತು. ಪ್ರಶಸ್ತಿಯ ಜೊತೆಗೆ ಎಂ.ಎ. ಸೀಟು, ಎರಡು ವರ್ಷ ಹಾಸ್ಟೆಲ್ಲು.

ಪ್ರಶಸ್ತಿ ಘೋಷಣೆಯಾದ ವಾರಕ್ಕೇ ನೋಟ್‌ಬುಕ್ ಕಾಣೆಯಾಯಿತು. ಚೀಟಿ ಡಬ್ಬ ತೆರೆದರೆ ಈ ಚೀಟಿ. 'ಪಡೆದವರು: ಶೋಭಿತಾ' ಎಂದು ಸಹಿ, ಕೆಳಗೆ ಸೆಪ್ಟೆಂಬರ್ ಮೂರನೇ ತಾರೀಖಿನ ಮುದ್ರೆ. ಹಳೇ ಪುಸ್ತಕಗಳ ಕೋಣೆಗೆ ಕಂಪ್ಯೂಟರ್ ಇನ್ನೂ ಬಂದಿಲ್ಲ. ಅಲ್ಲಿ ಚೀಟಿಯೇ ವೇದವಾಕ್ಯ.

ನಾಳೆ ಶುಕ್ರವಾರ ಸಮಿತಿ ಕೂರುತ್ತದೆ. ನೋಟ್‌ಬುಕ್ ತಂದಿಡದಿದ್ದರೆ ಪ್ರಶಸ್ತಿ ವಾಪಸು, ಸೀಟು ವಾಪಸು. ಹುಡುಗಿ ತಾಯಿಯ ಜೊತೆ ಕಾಫಿ ಪಿಕ್ಕಿಂಗ್‌ಗೆ ಹೋಗಬೇಕಾದೀತು.

ಮೊನ್ನೆ ಸಹಿ ತೋರಿಸಿ ಕೇಳಿದ್ದೆ, "ಇದು ನಿಂದೇನವ್ವ?" ಅಂತ. "ನೆನಪಿಲ್ಲ ತಾತ" ಅಂದಳು. ನನ್ನದಲ್ಲ ಅನ್ನಲಿಲ್ಲ, ನೆನಪಿಲ್ಲ ಅಂದಳು. ಹೆದರಿದ ಮಕ್ಕಳು ಹಾಗೇ ಅನ್ನುತ್ತವೆ ಎಂದುಕೊಂಡು ಬಿಟ್ಟುಬಿಟ್ಟೆ. ವಯಸ್ಸಾದ ಮೇಲೆ ಮನುಷ್ಯನಿಗೆ ಕರುಣೆ ಜಾಸ್ತಿ, ಬುದ್ಧಿ ಕಮ್ಮಿ.

ಮುದ್ರೆಯನ್ನು ಇನ್ನೊಂದು ಸಲ ಕೈಯಲ್ಲಿ ತಿರುಗಿಸಿದೆ. ಹಳೇ ಮರದ ಹಿಡಿ. ಹಿಡಿಯಲ್ಲಿ ಒಂದು ಬಿರುಕು. ಬಿರುಕಿನೊಳಗೆ ಏನೋ ಕೆಂಪು. ಕೆಂಪು ಶಾಯಿ ಇರಬೇಕು ಅಂದುಕೊಂಡೆ. ಈ ಗ್ರಂಥಾಲಯದಲ್ಲಿ ಕೆಂಪು ಶಾಯಿ ಇಲ್ಲವೇ ಇಲ್ಲ ಎನ್ನುವುದು ಆಮೇಲೆ ಹೊಳೆಯಿತು.

ತಲೆ ಕೆಟ್ಟಾಗ ನಾನು ಕೂರುವುದಿಲ್ಲ, ನಡೆಯುತ್ತೇನೆ. ಹೊರಗಿನ ಹಜಾರದಲ್ಲಿ 'ನಮ್ಮ ಮಕ್ಕಳ ಸಾಧನೆ' ಅಂತ ಉದ್ದಕ್ಕೂ ಒಂದು ಹಲಗೆ. ಪೇಪರಿನಲ್ಲಿ ವಿದ್ಯಾರ್ಥಿಗಳ ಸುದ್ದಿ ಬಂದರೆ ಅಟೆಂಡರ್ ಸಾಂತಪ್ಪ ಕತ್ತರಿಸಿ, ಗಂಜಿ ಅಂಟು ಹಚ್ಚಿ, ಅಡಿಯಲ್ಲಿ ತಾರೀಖು ಬರೆದು ಅಂಟಿಸುತ್ತಾನೆ. ಶೋಭಿತಾಳ ಪ್ರಶಸ್ತಿ ಸುದ್ದಿ ನಡುವಿನಲ್ಲಿತ್ತು. ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಬರೆದಿದ್ದರು. ಉಗುರಿನಿಂದ ಅದನ್ನು ಕೆರೆದು ಹಾಕಿದೆ.

ಪಕ್ಕದಲ್ಲಿ ದಿವ್ಯ ಎನ್ನುವ ಹುಡುಗಿಯ ಫೋಟೊ, ಮೈಸೂರಿನಲ್ಲಿ ರಸಪ್ರಶ್ನೆ ಗೆದ್ದು ಕಪ್ ಹಿಡಿದಿದ್ದಾಳೆ. ಈ ದಿವ್ಯ ಸಾಂತಪ್ಪನ ಮಗಳು. ಸಂಶೋಧನಾ ಪ್ರಶಸ್ತಿಯಲ್ಲಿ ಎರಡನೆಯವಳು. ಶೋಭಿತಾ ಬಿದ್ದರೆ ಸೀಟು ದಿವ್ಯಳಿಗೆ. ಮೂರು ದಿನದಿಂದ ಆ ವಿಷಯ ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಕೂತಿತ್ತು.

ದಿವ್ಯಳ ಮೇಲಿನ ಸಾಲಿನಲ್ಲಿ ಹಾಕಿ ಆಡುವ ಪ್ರಜ್ಞೇಶ್ ಎಂಬ ಹುಡುಗನ ಸುದ್ದಿ. ಅಲ್ಲಿ ನನ್ನ ಕಣ್ಣು ನಿಂತುಹೋಯಿತು.

ಹಲಗೆಯಲ್ಲಿ ಐವತ್ತು ಅರವತ್ತು ತುಣುಕುಗಳಿದ್ದವು. ಎಲ್ಲದರ ಅಂಚೂ ಕತ್ತರಿಯಿಂದ ಗೆರೆ ಎಳೆದ ಹಾಗೆ. ಪ್ರಜ್ಞೇಶನ ತುಣುಕಿನ ಅಂಚು ಮಾತ್ರ ನಾರು ನಾರು. ಸ್ಕೇಲ್ ಇಟ್ಟು, ಬೆರಳು ಒದ್ದೆ ಮಾಡಿ ಹರಿದದ್ದು.

ಅಡಿಯಲ್ಲಿ ಸಾಂತಪ್ಪನ ದುಂಡು ಅಕ್ಷರ: ಸೆಪ್ಟೆಂಬರ್ 3.

*

ಸಾಂತಪ್ಪ ಹಿಂದಿನ ಕೋಣೆಯಲ್ಲಿ ಪುಸ್ತಕದ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದ. ಐವತ್ತೈದು ದಾಟಿದವನು. ಒಳ್ಳೆಯ ಕೆಲಸಗಾರ. ಕೆಟ್ಟ ಸುಳ್ಳುಗಾರ. ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ, ಪಾಪ, ಅದಕ್ಕೆ ಅವನೇನು ಮಾಡಿಯಾನು.

"ಸಾಂತಪ್ಪ, ನಿನ್ನ ಕತ್ತರಿ ಒಸಿ ಕೊಡು."

ಕೊಟ್ಟ. ಅದರ ಹಿಡಿಯ ತಿರುಪಿನ ಸುತ್ತಲೂ ಅದೇ ಕೆಂಪು.

"ಮೂರನೇ ತಾರೀಖು ಇದು ಎಲ್ಲಿತ್ತು?"

"ಎಂತ ಕೇಳ್ತೀರಿ ನೀವು. ಇಲ್ಲೇ ಇತ್ತು."

"ಮತ್ತೆ ಪ್ರಜ್ಞೇಶನ್ನ ಯಾಕಯ್ಯ ದೋಸೆ ಹರ್ದಂಗೆ ಹರಿದು ಅಂಟಿಸಿದ್ದೀಯ?"

ಕಿವಿ ಬಣ್ಣ ತಿರುಗಿತು.

"ಅರ್ಜೆಂಟಲ್ಲಿ ಹರಿದೆ."

"ಮೂವತ್ತು ವರ್ಷದ ಸರ್ವಿಸಲ್ಲಿ ಅದೊಂದೇ ದಿನ ಅರ್ಜೆಂಟ್ ಬಂತಾ? ಹಲಗೆ ಪೂರ್ತಿ ನೋಡಿ ಬಂದಿದ್ದೀನಿ ಮಾರಾಯ."

ಅವನು ಗಂಜಿ ಡಬ್ಬದ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ನಾನು ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಕೂತೆ. ಠಾಣೆಯ ಅಭ್ಯಾಸ.

"ಸೆಪ್ಟೆಂಬರ್ ಮೂರು ನಿಮ್ಮ ಕಡೆ ಏನು ಹಬ್ಬ ಸಾಂತಪ್ಪ?"

ಅವನು ಗಂಜಿಯ ಕುಂಚ ಒರೆಸತೊಡಗಿದ.

"ಕೊಡ್ಲಿಪೇಟೆಯವನಾದ್ರೂ ನಂಗೆ ಗೊತ್ತು. ಕೈಲ್ ಮುಹೂರ್ತ. ಕೋವಿ, ಕತ್ತಿ, ನೇಗಿಲು ಎಲ್ಲ ತೊಳೆದು, ಕುಂಕುಮ ಇಟ್ಟು, ದೀಪದ ಮುಂದೆ ಇಡ್ತೀರಿ. ಪೂಜೆ ಆಗೋ ತನ್ಕ ಮುಟ್ಟೋ ಹಂಗಿಲ್ಲ. ಆ ದಿನ ನೀನು ಮಧ್ಯಾಹ್ನದ ತನ್ಕ ರಜೆ. ನಿಮ್ಮನೇಲಿ ಕೋವಿ ಉಂಟಾ?"

"ಅಪ್ಪಂದಿತ್ತು. ಅಣ್ಣನ ಪಾಲಿಗೆ ಹೋಯ್ತು."

"ನೇಗಿಲು?"

"ಗದ್ದೆಯೇ ಇಲ್ಲ ರೈಟ್ರೆ, ನೇಗಿಲು ಎಂತಕ್ಕೆ." ಅವನ ದನಿ ಇಳಿಯಿತು. "ಅನ್ನ ಹಾಕೋ ಆಯುಧ ಯಾವುದೋ ಅದನ್ನ ಇಡಬೇಕು ಅಂತ ಅಪ್ಪ ಹೇಳ್ತಿದ್ರು. ನಂಗೆ ಅನ್ನ ಹಾಕೋದು ಈ ಕತ್ತರಿ. ಪೇಪರ್ ಕಟರ್. ಮತ್ತೆ…"

"ಮತ್ತೆ?"

"ಮುದ್ರೆ."

ಹೊರಗೆ ಚಾಪೆಲಿನ ಗಂಟೆ ಮೂರು ಸಲ ಹೊಡೆಯಿತು. ನಾನು ಜೇಬಿನಿಂದ ಮುದ್ರೆ ತೆಗೆದು ಮೇಜಿನ ಮೇಲಿಟ್ಟೆ. ಸಾಂತಪ್ಪ ತನಗೇ ತಿಳಿಯದೆ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡ.

"ಎರಡನೇ ತಾರೀಖು ಸಂಜೆ ಬುತ್ತಿ ಚೀಲದಲ್ಲಿ ಹಾಕಿ ಮನೆಗೆ ತಗೊಂಡೋಗಿದ್ದೆ. ನಾಲ್ಕನೇ ತಾರೀಖು ಬೆಳಿಗ್ಗೆ ತಂದೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಒಬ್ರಿಗೂ ಗೊತ್ತಿಲ್ಲ."

"ಮೂರನೇ ತಾರೀಖು ಮಧ್ಯಾಹ್ನ ನೀನು ಬಂದಾಗ್ಲೂ?"

"ಮುದ್ರೆ ನಮ್ಮನೆ ದೀಪದ ಎದುರೇ ಇತ್ತು. ಸಂಜೆ ಪೂಜೆ."

"ಸಮಿತಿ ಮುಂದೆ ಏನಂದೆ ನೀನು?"

ಅವನು ಮುದ್ರೆಯ ಹಿಡಿಯನ್ನು ಅಂಗಿಗೆ ಒರೆಸಿದ. ನಾನೇ ಹೇಳಿದೆ. ಸಮಿತಿಯ ಮುಂದೆ ಅವನು, 'ಆ ಬೆಳಿಗ್ಗೆ ಡ್ರಾಯರಿನ ಕೀ ಕೌಂಟರಿನಲ್ಲಿ ಬಿಟ್ಟು ಹೋಗಿದ್ದೆ, ಕೌಂಟರಿನವರು ಯಾರೋ ಮುದ್ರೆ ಒತ್ತಿ ಕೊಟ್ಟಿರಬೇಕು' ಎಂದಿದ್ದ. ಕೌಂಟರಿನವರು, ದಿನಕ್ಕೆ ಇನ್ನೂರು ಜನ ಬರುತ್ತಾರೆ, ನೆನಪಿಲ್ಲ ಎಂದಿದ್ದರು. ಅಲ್ಲಿಗೆ ಶೋಭಿತಾಳ ಕತ್ತಿಗೆ ಹಗ್ಗ ಬಿದ್ದಿತ್ತು.

"ಮುದ್ರೆಯೇ ಇಲ್ಲಿರಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಆ ಹುಡುಗಿ ಅವತ್ತೇ ಬಚಾವಾಗ್ತಿದ್ದಳು. ಯಾಕಯ್ಯ ಹೇಳ್ಲಿಲ್ಲ?"

"ಇದು ಪಾದ್ರಿಗಳ ಸಂಸ್ಥೆ ರೈಟ್ರೆ. ಇಲ್ಲಿಯ ಸಾಮಾನು ಮನೆಗೆ ಹೊತ್ಕೊಂಡೋಗಿ ಕುಂಕುಮ ಹಚ್ಚಿದೆ ಅಂತ ಹೇಳಿದ್ರೆ? ರಿಟೈರಿಗೆ ಮೂರು ವರ್ಷ ಉಂಟು. ಮನೆಯಲ್ಲಿ ದುಡಿಯೋನು ನಾನೊಬ್ಬನೇ."

"ನಿನ್ನ ಮೂರು ವರ್ಷಕ್ಕೆ ಅವಳ ಮೂವತ್ತು ವರ್ಷನಾ?"

ನಾನು ಒರಟ. ಒಪ್ಪುತ್ತೇನೆ. ಆದರೆ ಕೆಲವು ಮಾತು ಒರಟಾಗಿಯೇ ಇರಬೇಕು, ಇಲ್ಲದಿದ್ದರೆ ಒಳಗೆ ಹೋಗುವುದಿಲ್ಲ.

ಸಾಂತಪ್ಪ ಮುದ್ರೆ ಕೆಳಗಿಟ್ಟ. ಆಮೇಲೆ ಒಂದು ಹಾಳೆ ಎಳೆದುಕೊಂಡ. "ಬರ್ದು ಕೊಡ್ತೇನೆ. ಆದದ್ದಾಗ್ಲಿ." ನಾಲ್ಕು ಸಾಲು ಬರೆದ. ಐದನೇ ಸಾಲಿಗೆ ಬಂದಾಗ ಪೆನ್ನು ನಿಂತಿತು. ಬರೆದದ್ದನ್ನು ಮತ್ತೆ ಮೊದಲಿನಿಂದ ಓದಿದ.

ಏನಾಯಿತೆಂದು ನನಗೂ ಅರ್ಥವಾಯಿತು. ಮುದ್ರೆ ಮೂರನೇ ತಾರೀಖು ಗ್ರಂಥಾಲಯದಲ್ಲಿರಲಿಲ್ಲ ಎಂದರೆ ಅವನ ಮನೆಯಲ್ಲಿತ್ತು. ಅವನ ಮನೆಯಲ್ಲಿ ಯಾರಿದ್ದಾರೆ? ಹೆಂಡತಿ ಬೊಳ್ಳಮ್ಮ. ಮತ್ತೆ ದಿವ್ಯ.

"ನಂಗೆ ಗೊತ್ತಿಲ್ಲೆ ಮಾರಾಯ್ರೆ," ಗಾಬರಿಯಲ್ಲಿ ಅವನ ಮನೆಭಾಷೆಯೇ ಬಂತು. ಹಾಳೆಯನ್ನು ಮುದುಡಲು ಹೋದ. ನಾನು ಕೈ ಹಿಡಿದೆ.

"ತಡಿ. ಆ ದಿನ ನಿನ್ನ ಮಗಳು ಎಲ್ಲಿದ್ದಳು?"

"ಎಲ್ಲಿ… ಮೈಸೂರು. ಕ್ವಿಜ್ಜು. ಎರಡನೇ ತಾರೀಖೇ ಹೋದಳು, ಫಾದರೇ ಕರ್ಕೊಂಡೋಗಿದ್ದು. ನಾಲ್ಕನೇ ತಾರೀಖು ರಾತ್ರಿ ಬಂದದ್ದು. ಹಬ್ಬಕ್ಕಿಲ್ಲ ಅಂತ ಬೊಳ್ಳಮ್ಮ ಅತ್ತಳು."

"ಹಲಗೆ ಮೇಲೆ ನೀನೇ ಅಂಟಿಸಿದ್ದೀಯಲ್ಲ ಫೋಟೊ. ಪಕ್ಕದಲ್ಲಿ ಫಾದರೂ ನಿಂತಿದ್ದಾರೆ. ಬರಿ, ಬರಿ."

ಅವನು ಕಣ್ಣು ಒರೆಸಿಕೊಂಡು ಬರೆದ. ನನಗೋ, ದಿವ್ಯಳ ಹೆಸರು ಹೋಯಿತೆಂದು ಸಮಾಧಾನವಾಗುವ ಬದಲು ತಲೆ ಇನ್ನಷ್ಟು ಗೋಜಲಾಯಿತು. ಅಡಿಕೆ ಚೂರು ಹೊರಬಂತು, ಹಲ್ಲುನೋವು ಹಾಗೇ ಉಳಿಯಿತು.

ಮುದ್ರೆ ಕೈಗೆತ್ತಿಕೊಂಡು ಅದರ ತಾರೀಖಿನ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿದೆ. ಇವತ್ತು ಹದಿನೆಂಟು. ಹಿಂದಕ್ಕೆ ತಿರುಗಿಸಿದರೆ ಮೂರು. ಎಷ್ಟು ಸುಲಭ. ನಾಲ್ಕನೇ ತಾರೀಖಿನ ನಂತರ ಯಾವತ್ತೋ ಯಾರೋ ಹೀಗೆ ತಿರುಗಿಸಿ ಒತ್ತಿದ್ದಾರೆ. ಮೂರನ್ನೇ ಯಾಕೆ ಆರಿಸಿದರು? ಆ ಬೆಳಿಗ್ಗೆ ಸಾಂತಪ್ಪ ರಜೆ, ಫಾದರ್ ಮೈಸೂರು, ಯಾರು ಕೊಟ್ಟರೆಂದು ಯಾರೂ ಕೇಳುವಂತಿಲ್ಲ. ಸಾಂತಪ್ಪ ಇಲ್ಲ ಎನ್ನುವುದು ಆ ಮನುಷ್ಯನಿಗೆ ಗೊತ್ತಿತ್ತು. ಮುದ್ರೆಯೂ ಇಲ್ಲ ಎನ್ನುವುದು ಗೊತ್ತಿರಲಿಲ್ಲ.

"ಡ್ರಾಯರಿನ ಕೀ ಎಷ್ಟು?"

"ಎರಡು. ನಂದೊಂದು, ಫಾದರದ್ದೊಂದು."

ಇಬ್ಬರಲ್ಲಿ ಒಬ್ಬ ನನ್ನ ಎದುರಿಗಿದ್ದಾನೆ. ಅವನು ಮಾಡಿದ್ದರೆ ಮೂರನೇ ತಾರೀಖನ್ನು ಸತ್ತರೂ ಮುಟ್ಟುತ್ತಿರಲಿಲ್ಲ. ಉಳಿದವರು ಒಬ್ಬರೇ.

"ಬರ್ದು ಆಯ್ತಾ ಸಾಂತಪ್ಪ?"

ಬಾಗಿಲಲ್ಲಿ ಫಾದರ್ ಇನ್ನಾಸ್. ಯಾವಾಗಿಂದ ನಿಂತಿದ್ದರೋ. ಸಾಂತಪ್ಪ ಎದ್ದ ರಭಸಕ್ಕೆ ಗಂಜಿ ಡಬ್ಬ ಉರುಳಿತು.

"ಕೂತ್ಕೊ, ಕೂತ್ಕೊ. ಈ ಸಲ ಹೂ ಸಾಕಾಯ್ತಾ ನಿಂಗೆ? ಮೈಸೂರಿಗೆ ಹೊರಡೋ ಮುಂಚೆ ಹುಡುಕಿದ್ದು, ಮಳೆಗೆ ಕೊಳೆತುಹೋಗಿತ್ತು, ನಾಲ್ಕೇ ಸಿಕ್ಕಿದ್ದು."

"ಎಂತ ಹೂ ಫಾದರ್?"

"ತೋಕ್ ಪೂ. ಹಬ್ಬಕ್ಕೆ ಕೋವಿಗೆ ಇಡೋ ಹೂ. ಚಾಪೆಲ್ ಹಿಂದಿನ ಬೇಲಿಯಲ್ಲಿ ಬಿಡ್ತದೆ. ಪ್ರತಿ ವರ್ಷ ನಿನ್ನ ಬುತ್ತಿ ಚೀಲದ ಪಕ್ಕ ಇಡೋದು ಯಾರು ಅಂತ ತಿಳ್ಕೊಂಡಿದ್ದೆ?"

"ತೋಟದ ಮಾಲಿ ಅಂತ…"

"ಮಾಲಿಗೆ ಬೇರೆ ಕೆಲ್ಸ ಇಲ್ವಾ?"

ಸಾಂತಪ್ಪ ಕುರ್ಚಿಯಲ್ಲಿ ಕುಸಿದ. ಇಪ್ಪತ್ತೆರಡು ವರ್ಷ ಕದ್ದು ಮಾಡಿದ ಪೂಜೆಗೆ ಹೂ ಕೊಟ್ಟವರು ಪಾದ್ರಿಗಳೇ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆ ದಿನ ರೇಗಿತು.

"ಹಂಗಾದ್ರೆ ಮುದ್ರೆ ಇಲ್ಲಿರ್ಲಿಲ್ಲ ಅಂತ ನಿಮಗೂ ಗೊತ್ತಿತ್ತು. ಆ ಹುಡುಗಿ ಒಂದು ವಾರದಿಂದ ಊಟ ಬಿಟ್ಟವಳೆ. ಸುಮ್ನೆ ಇದ್ರಲ್ಲ ಫಾದರ್, ಇದ್ಯಾವ ನ್ಯಾಯ?"

ಅವರು ಉರುಳಿದ ಡಬ್ಬವನ್ನು ಎತ್ತಿ ನೆಟ್ಟಗೆ ಇಟ್ಟರು. "ನಾನು ಹೇಳಿದ್ರೆ ಅದು ಸಾಂತಪ್ಪನ ಮೇಲೆ ದೂರು ಆಗ್ತದೆ. ಅವನೇ ಹೇಳಿದ್ರೆ ಸಾಕ್ಷಿ. ನಾಳೆ ಬೆಳಿಗ್ಗೆವರೆಗೆ ಕಾಯೋದು, ಆಮೇಲೆ ನಾನೇ ಬಾಯಿ ಬಿಡೋದು ಅಂತ ಇದ್ದೆ. ನಿಮ್ಮನ್ನ ಒಳಗೆ ಬಿಟ್ಟದ್ದೂ ಅದಕ್ಕೇ."

ಸರಿಯಾದ ಉತ್ತರವೋ ಅಲ್ಲವೋ, ದೇವರಿಗೇ ಬಿಟ್ಟದ್ದು. ಆದರೆ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಕೀ ಇರುವವರು ಇಬ್ಬರು. ಇಬ್ಬರಿಗೂ ಮೂರನೇ ತಾರೀಖು ಮುದ್ರೆ ಇಲ್ಲಿರಲಿಲ್ಲ ಎಂದು ಗೊತ್ತು. ಇಬ್ಬರೂ ಆ ತಾರೀಖನ್ನು ಆರಿಸುವವರಲ್ಲ. ಹಾಗಾದರೆ ಬೀಗ ಹಾಕಿದ ಡ್ರಾಯರಿನಿಂದ ಮುದ್ರೆ ತಾನೇ ನಡೆದು ಬಂದು ಚೀಟಿಯ ಮೇಲೆ ಕೂತಿತೇ?

"ಸಾಂತಪ್ಪ, ಟೀ ಕುಡಿಯೋಕೆ ಹೋಗ್ತೀಯ?"

"ದಿನಾ ಹೋಗ್ತೇನೆ. ನಾಲ್ಕು ಗಂಟೆಗೆ. ನಿಮಗೂ ತರ್ಲಾ?"

"ನಂಗೆ ಬೇಡ. ಹೋಗುವಾಗ ಕೀ ಜೇಬಲ್ಲೇ ಇರ್ತದಾ?"

"ಇಲ್ಲಪ್ಪ. ಯಾರಾದ್ರೂ ಪುಸ್ತಕ ವಾಪಸ್ ತಂದ್ರೆ ಮುದ್ರೆ ಬೇಕಲ್ಲ. ಕೋಣೆಯಲ್ಲಿ ಓದ್ತಾ ಕೂತೋರಲ್ಲಿ ನಂಬಿಕೆ ಇರೋರ ಕೈಲಿ ಕೊಟ್ಟು ಹೋಗ್ತೇನೆ."

"ಯಾರ ಕೈಲಿ?"

ಸಾಂತಪ್ಪ ಕುರ್ಚಿಯಿಂದ ಅರ್ಧ ಎದ್ದ. ಫಾದರ್ ಅವನ ಮುಖ ನೋಡಿದರು. ನಾನೂ ನೋಡಿದೆ. ಅವನು ನೋಡುತ್ತಿದ್ದುದು ಹಳೇ ಪುಸ್ತಕಗಳ ಕೋಣೆಯ ಕಡೆಗೆ, ಎರಡು ವರ್ಷದಿಂದ ಒಬ್ಬಳೇ ಹುಡುಗಿ ಕೂತು ಓದುವ ಕಿಟಕಿ ಪಕ್ಕದ ಮೇಜಿನ ಕಡೆಗೆ.

*

ಶೋಭಿತಾ ಅಲ್ಲೇ ಇದ್ದಳು. ಎದುರಿಗೆ ಪುಸ್ತಕ ಇತ್ತು, ಓದುತ್ತಿರಲಿಲ್ಲ. ತಾಯಿ ಕೆಂಚಿ ಶ್ರೀಮಂಗಲದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು, ನಾಳೆ ಸಮಿತಿಯ ಬಾಗಿಲಲ್ಲಿ ನಿಲ್ಲುವುದಕ್ಕೆ. ಚಪ್ಪಲಿ ಹೊರಗೆ ಬಿಟ್ಟು ಹಜಾರದ ಕಂಬಕ್ಕೆ ಒರಗಿ ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದಳು.

"ಎಂತಾಯ್ತು ರೈಟ್ರೆ? ನನ್ನ ಮಗಳು ಕಳ್ಳಿ ಅಲ್ಲ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ. ಒಂದ್ ನಿಮಿಷ."

ಒಳಗೆ ಹೋಗಿ ಶೋಭಿತಾಳ ಎದುರು ಕೂತೆ. ಬೈಯಬೇಕೋ, ತಲೆ ಸವರಬೇಕೋ ತಿಳಿಯಲಿಲ್ಲ. ಮೊದಲು ಒಳ್ಳೆಯ ಸುದ್ದಿಯನ್ನೇ ಹೇಳಿದೆ.

"ಚೀಟಿ ಸುಳ್ಳು ಅಂತ ಸಾಬೀತಾಯ್ತು ಮಗ. ಮೂರನೇ ತಾರೀಖು ಮುದ್ರೆ ಈ ಕಟ್ಟಡದಲ್ಲೇ ಇರ್ಲಿಲ್ಲ. ಸಾಂತಪ್ಪ ಬರ್ದು ಕೊಟ್ಟವನೆ, ಫಾದರ್ ಸಹಿ ಹಾಕ್ತಾರೆ. ನಾಳೆ ಹತ್ತೂಕಾಲಿಗೆ ನೀನು ಎಂ.ಎ. ವಿದ್ಯಾರ್ಥಿನಿ."

ಬದುಕಿದೆ ಎನ್ನುವವರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಇದು ಆ ಮುಖ ಅಲ್ಲ.

"ಇರ್ಲಿಲ್ವಾ?" ಅಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಮುದ್ರೆ ಯಾವಾಗ್ಲೂ ಡ್ರಾಯರಲ್ಲೇ ಇರ್ತದಲ್ಲ ತಾತ."

"ಆ ದಿನ ಇರ್ಲಿಲ್ಲ. ಅದು ಗೊತ್ತಿಲ್ಲದೋರು ಒತ್ತಿದ್ದು. ಸಾಂತಪ್ಪ ಟೀಗೆ ಹೋದಾಗ ಕೀ ಕೈಲಿದ್ದೋರು."

ಅವಳು ಇಲ್ಲ ಅನ್ನಲಿಲ್ಲ. ಈ ಸಲ ನೆನಪಿಲ್ಲ ಎಂದೂ ಅನ್ನಲಿಲ್ಲ. ಪುಸ್ತಕ ಮುಚ್ಚಿದಳು.

"ನಿನ್ನ ಮೇಲೆ ನೀನೇ ಯಾಕವ್ವ ಕಳ್ಳತನ ಹೊರಿಸ್ಕೊಂಡೆ? ಆ ನೋಟ್‌ಬುಕ್ ನೀನು ತಗೊಂಡಿದ್ದೀಯಾ?"

"ಇಲ್ಲ."

"ಮತ್ತೆ?"

"ತಾತ, ನಿಮ್ಮ ಕಾಲಿಗೆ ಬೀಳ್ತೀನಿ. ಚೀಟಿ ಸುಳ್ಳು ಅಂತ ನಾಳೆ ಹೇಳ್ಬೇಡಿ."

"ಹೇಳ್ದೆ ಇದ್ರೆ ನಿನ್ನ ಸೀಟು ಹೋಯ್ತದಲ್ಲೇ."

"ಹೋಗ್ಲಿ. ಚೀಟಿ ನಿಜ ಅಂದ್ರೆ ನನ್ನ ಹತ್ರಕ್ಕೆ ಬಂದು ಹುಡುಕೋದು ನಿಲ್ಲಿಸ್ತಾರೆ. ಸುಳ್ಳು ಅಂತಾದ್ರೆ, ತಗೊಂಡೋರು ಯಾರು ಅಂತ ಹುಡುಕ್ತಾರೆ."

ಹಾಗೆ ಹೇಳುವಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ನಾನು ತಿರುಗಿದೆ.

ಬಾಗಿಲಲ್ಲಿ ಕೆಂಚಿ ನಿಂತಿದ್ದಳು. ಮೂರು ದಿನದ ಹಿಂದೆ ಕೊಡ್ಲಿಪೇಟೆಗೆ ಬಂದು, ನನ್ನ ಮನೆ ಹೊಸ್ತಿಲ ಮೇಲೆ ಕೂತು, ಕಳ್ಳನನ್ನು ಹಿಡಿದು ಕೊಡಿ ರೈಟ್ರೆ ಎಂದು ಅತ್ತವಳು ಅವಳೇ.

ಮಗಳು ಯಾರನ್ನು ಕಾಪಾಡುತ್ತಿದ್ದಾಳೆಂದು ನನಗೆ ಆಗ ಹೊಳೆಯಿತು. ಈಗ ಕೆಂಚಿ ಅಳುತ್ತಿರಲಿಲ್ಲ. ಮಗಳನ್ನು ನೋಡಿ, ಬೇಡ ಎನ್ನುವ ಹಾಗೆ, ಮೆಲ್ಲಗೆ ತಲೆ ಆಡಿಸುತ್ತಿದ್ದಳು.